ಗಂಟು ಸಿಕ್ಕಿದ ಮೇಲೆ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು?

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ ಹಾಗೂ ಇಲಾಖೆಯ ಆಯುಕ್ತರಿಗೆ,

ವಿಷಯ: ಸ್ತನದಲ್ಲಿ ಗಂಟು ಕಾಣಿಸಿಕೊಂಡ ಮಹಿಳೆಯರಿಗೆ ತಾಲ್ಲೂಕು ಮತ್ತು ಜಿಲ್ಲಾ ಮಟ್ಟದಲ್ಲಿ ಪೂರ್ಣ ತಪಾಸಣೆ ಸಿಗದಿರುವ ಬಗ್ಗೆ

ಮಾನ್ಯರೇ,

ಸ್ತನ ಕ್ಯಾನ್ಸರಿನ ಬಗ್ಗೆ ರಾಜ್ಯದಲ್ಲಿ ಈಗ ಸಾಕಷ್ಟು ಮಾತು ನಡೆಯುತ್ತಿದೆ. ಅಕ್ಟೋಬರ್ ಬಂತೆಂದರೆ ಗುಲಾಬಿ ರಿಬ್ಬನ್ನು, ಜಾಥಾ, ಕಾಲೇಜುಗಳಲ್ಲಿ ಉಪನ್ಯಾಸ. ‘ನಿಮ್ಮ ಎದೆಯನ್ನು ನೀವೇ ಮುಟ್ಟಿ ನೋಡಿಕೊಳ್ಳಿ, ಗಂಟು ಸಿಕ್ಕರೆ ತಡಮಾಡದೆ ಆಸ್ಪತ್ರೆಗೆ ಬನ್ನಿ’ ಎಂದು ಹೇಳುತ್ತೀರಿ. ಹೇಳಲೇಬೇಕಾದ ಮಾತು. ಅದನ್ನು ಕೇಳಿ, ಗಂಟು ಸಿಕ್ಕಿ, ಧೈರ್ಯ ಮಾಡಿ ಆಸ್ಪತ್ರೆಯ ಮೆಟ್ಟಿಲು ಹತ್ತಿದವಳಿಗೆ ಮುಂದಿನ ದಾರಿ ಯಾವುದೆಂದು ನಮ್ಮಂಥ ತಾಲ್ಲೂಕುಗಳಲ್ಲಿ ಹೇಳುವವರಿಲ್ಲ. ಹೀಗೆ ಕಾಣಿಸಿಕೊಳ್ಳುವ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಅಲ್ಲವೆಂದು ಖಚಿತ ಮಾಡಿ, ಬರೆದು ಕೈಗೆ ಕೊಡುವ ವ್ಯವಸ್ಥೆ ಅವಳಿಗೆ ಹತ್ತಿರದಲ್ಲಿಲ್ಲ. ನನ್ನ ದೂರು ಇದೇ.

ನಾನು ಬಯಲುಸೀಮೆಯ ಒಂದು ತಾಲ್ಲೂಕಿನಲ್ಲಿ ಉಪಕೇಂದ್ರದ ಆರೋಗ್ಯ ಸಹಾಯಕಿಯಾಗಿದ್ದು ನಿವೃತ್ತಳಾದವಳು. ಊರಿನವರ ಬಾಯಲ್ಲಿ ಸಿಸ್ಟರ್. ಲಸಿಕೆ, ಹೆರಿಗೆ, ಬಾಣಂತನ ಎಂದು ಮನೆಮನೆ ತಿರುಗಿದವಳ ಹತ್ತಿರ ಹೆಂಗಸರು ಗಂಡನಿಗೂ ಹೇಳದ್ದನ್ನು ಹೇಳುತ್ತಾರೆ. ‘ಸಿಸ್ಟರ್, ಇಲ್ಲೊಂದು ಗಂಟಿದ್ದಂಗೈತೆ, ಯಾರಿಗೂ ಹೇಳಬ್ಯಾಡ್ರಿ’ ಎಂದು ಒಳಕೋಣೆಗೆ ಕರೆದುಕೊಂಡು ಹೋದವರು ಬಹಳ ಮಂದಿ. ಕೆಲಸ ಬಿಟ್ಟ ಮೇಲೂ ಅವರು ಬರುವುದು ನಿಂತಿಲ್ಲ. ಅವರನ್ನು ಎಲ್ಲಿಗೆ ಕಳಿಸಲಿ ಎಂಬ ಪ್ರಶ್ನೆಗೆ ಸರ್ವಿಸಿನಲ್ಲಿದ್ದಾಗ ನನ್ನ ಬಳಿ ಇಲ್ಲದ ಉತ್ತರ ಇವತ್ತಿಗೂ ಇಲ್ಲ.

ಈ ಪತ್ರವನ್ನು ಓದುವ ಎಲ್ಲರಿಗೂ ವಿಷಯ ತಿಳಿದಿರಲಿಕ್ಕಿಲ್ಲ, ಆದ್ದರಿಂದ ಸ್ವಲ್ಪ ವಿವರಿಸಿ ಹೇಳುತ್ತೇನೆ. 15ರಿಂದ 35 ವರ್ಷದೊಳಗಿನ ಹುಡುಗಿಯರಲ್ಲಿ ಹೆಚ್ಚಾಗಿ ಕಾಣುವುದು ಫೈಬ್ರೋಅಡಿನೋಮಾ. ಗುಂಡಗೆ, ನುಣುಪಾಗಿ, ಬೆರಳಿಟ್ಟರೆ ಚಕ್ಕನೆ ಆಚೆ ಜಾರುವ, ಸಾಮಾನ್ಯವಾಗಿ ನೋವಿಲ್ಲದ ಗಂಟು. 35 ದಾಟಿ ಮುಟ್ಟು ನಿಲ್ಲುವವರೆಗಿನ ವಯಸ್ಸಿನಲ್ಲಿ ನೀರು ತುಂಬಿದ ಗುಳ್ಳೆಗಳು, ಅಂದರೆ ಸಿಸ್ಟ್. ಮುಟ್ಟಿಗೆ ಮುಂಚಿನ ವಾರ ಎರಡೂ ಕಡೆ ಭಾರವಾಗಿ, ಗಂಟುಗಂಟಾಗಿ ನೋಯುವುದು, ಮುಟ್ಟಾದ ಮೇಲೆ ಇಳಿಯುವುದು ಹಾರ್ಮೋನಿನ ಏರಿಳಿತದಿಂದ. ಅದನ್ನು ರೋಗ ಎನ್ನಲೂ ಆಗದು. ಹಾಲೂಡುವ ತಾಯಂದಿರಿಗೆ ಹಾಲು ಕಟ್ಟಿ ಗಡ್ಡೆಯಾಗುತ್ತದೆ, ಸೋಂಕು ತಗುಲಿದರೆ ಕೀವಿನ ಬಾವು. ಪೆಟ್ಟು ಬಿದ್ದ ಜಾಗದಲ್ಲಿ ಕೊಬ್ಬು ಗಟ್ಟಿಯಾಗುವುದುಂಟು. ನಮ್ಮ ದೇಶದಲ್ಲಿ ಕ್ಷಯವೂ ಅಪರೂಪಕ್ಕೆ ಸ್ತನದಲ್ಲಿ ಗಂಟಾಗಿ ಕೂರುತ್ತದೆ. ಅದನ್ನು ವಾಸಿ ಮಾಡುವುದು ಮುಖ್ಯವಾಗಿ ಕ್ಷಯದ ಮಾತ್ರೆಗಳು.

ಇವುಗಳಲ್ಲಿ ಇದು ಯಾವುದು, ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಬರೀ ಕೈಯಿಂದ ಮುಟ್ಟಿ ಖಚಿತವಾಗಿ ಹೇಳಲು ಎಂಥ ಅನುಭವಸ್ಥ ವೈದ್ಯರಿಂದಲೂ ಪ್ರತಿಸಲ ಆಗದು. ಅದಕ್ಕೇ ಮೂರು ಪರೀಕ್ಷೆಗಳ ಪದ್ಧತಿ ಬಂದಿರುವುದು. ಮೊದಲನೆಯದು ವೈದ್ಯರು ಎರಡೂ ಸ್ತನ, ಎರಡೂ ಕಂಕುಳು ನೋಡಿ ಮಾಡುವ ತಪಾಸಣೆ. ಎರಡನೆಯದು ಚಿತ್ರ: ಚಿಕ್ಕ ವಯಸ್ಸಿನವರ ಸ್ತನದ ಅಂಗಾಂಶ ದಟ್ಟವಾಗಿರುವುದರಿಂದ ಅವರಿಗೆ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್, 40ರ ಆಸುಪಾಸು ದಾಟಿದವರಿಗೆ ಮ್ಯಾಮೋಗ್ರಾಂ ಕೂಡ. ಮೂರನೆಯದು ಸೂಜಿ. ಸಣ್ಣ ಸೂಜಿಯಿಂದ ಜೀವಕೋಶಗಳನ್ನು ಎಳೆದು ಗಾಜಿನ ಮೇಲೆ ಹರಡಿ ನೋಡುವುದು ಎಫ್‌ಎನ್‌ಎಸಿ. ಜಾಗ ಮರಗಟ್ಟಿಸಿ ದಪ್ಪ ಸೂಜಿಯಿಂದ ಚೂರು ಅಂಗಾಂಶ ತೆಗೆಯುವುದು ಕೋರ್ ಬಯಾಪ್ಸಿ. ಸೂಜಿ ಚುಚ್ಚಿದರೆ ಗಂಟು ಕ್ಯಾನ್ಸರಾಗಿ ಹರಡುತ್ತದೆ ಎಂಬ ಭಯ ಹಳ್ಳಿಯಲ್ಲೂ ಇದೆ, ಪಟ್ಟಣದಲ್ಲೂ ಇದೆ. ಆ ಭಯಕ್ಕೆ ಆಧಾರವಿಲ್ಲ. ಮೂರೂ ಪರೀಕ್ಷೆಗಳು ‘ಕ್ಯಾನ್ಸರ್ ಅಲ್ಲ’ ಎಂದು ಒಂದೇ ಮಾತು ಹೇಳಿದರೆ ಆ ಮಾತು ಸುಳ್ಳಾಗುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ. ಒಂದು ಪರೀಕ್ಷೆ ಬೇರೆ ಹೇಳಿದರೂ ಅಷ್ಟಕ್ಕೇ ಬಿಡುವಂತಿಲ್ಲ.

ಹಾಗಾಗಿ ಈ ಪರೀಕ್ಷೆಗಳ ಬೆಲೆ ಇರುವುದು ಮೂರನ್ನೂ ಒಟ್ಟಿಗೆ ಇಟ್ಟು ಓದುವುದರಲ್ಲಿ. ನಮ್ಮಲ್ಲಿ ಆಗದೇ ಇರುವುದೂ ಅದೇ. ತಾಲ್ಲೂಕು ಆಸ್ಪತ್ರೆಯ ಸರ್ಜನ್ ಮುಟ್ಟಿ ನೋಡಿ ಚೀಟಿ ಬರೆಯುತ್ತಾರೆ. ಸ್ಕ್ಯಾನಿಂಗ್ ಮಾಡುವ ವೈದ್ಯರು ವಾರದಲ್ಲಿ ಯಾವಾಗಲೋ ಬರುತ್ತಾರೆ. ಅವತ್ತು ಬಸುರಿಯರದೇ ದೊಡ್ಡ ಸಾಲು, ಅವರನ್ನು ಬಿಟ್ಟು ಇವಳನ್ನು ನೋಡಿ ಎನ್ನಲು ನನಗೂ ಬಾಯಿ ಬರುವುದಿಲ್ಲ. 1994ರ ಲಿಂಗಪತ್ತೆ ನಿಷೇಧ ಕಾಯ್ದೆಯಿಂದಾಗಿ ಪ್ರತಿ ಯಂತ್ರವೂ ನೋಂದಣಿಯಾಗಿರಬೇಕು, ಅರ್ಹತೆಯಿಲ್ಲದವರು ಅದನ್ನು ಬಳಸುವಂತಿಲ್ಲ. ಆ ಕಾಯ್ದೆಯನ್ನು ಸಡಿಲಿಸಿ ಎಂದು ನಾನು ಕೇಳುತ್ತಿಲ್ಲ, ಅದು ಉಳಿಸಿದ ಹೆಣ್ಣುಕೂಸುಗಳನ್ನು ಕಂಡವಳು ನಾನು. ಆದರೆ ರೇಡಿಯಾಲಜಿಸ್ಟ್ ಇಲ್ಲದ ಊರಿನಲ್ಲಿ ಯಂತ್ರವಿದ್ದೂ ಇಲ್ಲದಂತೆ. ಹೀಗಾಗಿ ಅವಳು ಖಾಸಗಿ ಸ್ಕ್ಯಾನಿಂಗ್ ಸೆಂಟರಿಗೆ ಹೋಗುತ್ತಾಳೆ. ಸೂಜಿ ಪರೀಕ್ಷೆಗೆ ಜಿಲ್ಲಾ ಕೇಂದ್ರದ ಬಸ್ಸು ಹತ್ತಬೇಕು. ಅದರ ರಿಪೋರ್ಟು ಬರುವ ಹೊತ್ತಿಗೆ ಚೀಟಿ ಬರೆದ ಸರ್ಜನ್ನಿಗೆ ವರ್ಗವಾಗಿರುತ್ತದೆ. ಮೂರು ಜನ ವೈದ್ಯರು, ಮೂರು ಕಾಗದ, ಮೂರೂ ಇಂಗ್ಲಿಷಿನಲ್ಲಿ. ಮೂರನ್ನೂ ಒಂದೇ ಮೇಜಿನ ಮೇಲೆ ಹರಡಿ ‘ನೋಡಮ್ಮ, ನಿನಗಿರುವುದು ಇಂಥದು’ ಎಂದು ಹೇಳುವ ಒಬ್ಬರು ಅವಳಿಗೆ ಕೊನೆಗೂ ಸಿಗುವುದಿಲ್ಲ.

ನಮ್ಮ ಕಡೆಯ ಒಬ್ಬ ಹುಡುಗಿ, ಬಿ.ಕಾಂ. ಓದುತ್ತಿದ್ದಳು. ಎಡಗಡೆ ಗಂಟು. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಬೈರಾಡ್ಸ್ 3’ ಎಂದು ಬರೆದಿತ್ತು. ಬೈರಾಡ್ಸ್ ಎಂಬುದು ಸ್ತನದ ಚಿತ್ರ ನೋಡುವವರು ಜಗತ್ತಿನಾದ್ಯಂತ ಬಳಸುವ ಅಳತೆ: 0ಯಿಂದ 6ರವರೆಗೆ. 3 ಎಂದರೆ ಕ್ಯಾನ್ಸರ್ ಆಗಿರುವ ಸಂಭವ ನೂರಕ್ಕೆ ಎರಡು ಅಥವಾ ಅದಕ್ಕೂ ಕಡಿಮೆ, ಸಾಮಾನ್ಯವಾಗಿ ಆರು ತಿಂಗಳು ಬಿಟ್ಟು ಮತ್ತೆ ನೋಡಿದರೆ ಸಾಕು ಎಂದು. ಅದನ್ನು ಆ ಹುಡುಗಿಯ ತಾಯಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಆಕೆ 3 ಎಂದರೆ ಮೂರನೇ ಸ್ಟೇಜು ಎಂದು ತಿಳಿದುಕೊಂಡು ಬಂದಿದ್ದಳು. ‘ಗಂಡಿನ ಕಡೇರು ನೋಡಾಕೆ ಬರೋರದಾರೆ ಸಿಸ್ಟರ್, ಹೊರಗೆ ಗೊತ್ತಾದ್ರೆ ಈ ಹುಡುಗಿ ಗತಿ ಏನು?’ ಎಂದು ಅತ್ತಳು. ನಾನು ಎಷ್ಟು ಹೇಳಿದರೂ ಒಬ್ಬ ಸಿಸ್ಟರ್ ಮಾತು ಅಚ್ಚಾದ ಕಾಗದದ ಮುಂದೆ ನಿಲ್ಲಲಿಲ್ಲ. ಕೊರಳ ಸರ ಅಡವಿಟ್ಟು ಖಾಸಗಿ ಆಸ್ಪತ್ರೆಗೆ ಹೋದರು. ಅಲ್ಲಿ ಸೂಜಿ ಪರೀಕ್ಷೆಯನ್ನೂ ಮಾಡದೆ ನೇರವಾಗಿ ಕೊಯ್ದು ತೆಗೆದರು. ತೆಗೆದ ಗಂಟನ್ನು ಪ್ರಯೋಗಾಲಯಕ್ಕೆ ಕಳಿಸಲೇ ಇಲ್ಲ.

ಮಾನ್ಯರೇ, ಈ ಕೊನೆಯ ವಾಕ್ಯವನ್ನು ದಯವಿಟ್ಟು ಇನ್ನೊಮ್ಮೆ ಓದಿ. ಫೈಬ್ರೋಅಡಿನೋಮಾ ಒಂದಕ್ಕಿಂತ ಹೆಚ್ಚು ಬರುವುದುಂಟು. ಆ ಹುಡುಗಿಗೂ ಮುಂದೆ ಬಲಗಡೆ ಇನ್ನೊಂದು ಕಾಣಿಸಿತು. ಹೊಸ ವೈದ್ಯರು ಕೇಳಿದ ಮೊದಲ ಪ್ರಶ್ನೆ, ‘ಹೋದಸಲದ್ದು ಏನಾಗಿತ್ತು?’ ಅದಕ್ಕೆ ಉತ್ತರ ಕೊಡಬಲ್ಲ ಅಂಗಾಂಶ ಕಸದ ಬುಟ್ಟಿ ಸೇರಿಯಾಗಿತ್ತು. ಇದೊಂದು ಮನೆಯ ಕಥೆಯಷ್ಟೇ ಆಗಿದ್ದರೆ ನಿಮಗೆ ಬರೆಯುತ್ತಿರಲಿಲ್ಲ. ಸೂಜಿ ಪರೀಕ್ಷೆಯಿಲ್ಲದೆ ಕೊಯ್ಯುವುದನ್ನೂ ಕೊಯ್ದದ್ದನ್ನು ಪರೀಕ್ಷೆಗೆ ಕಳಿಸದಿರುವುದನ್ನೂ ನಾನು ಬೇರೆ ಬೇರೆ ಊರುಗಳಲ್ಲಿ ಕೇಳಿದ್ದೇನೆ. ಗಂಟು ಬೆಳೆಯುತ್ತಿದ್ದರೆ, 3 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ, ನೋವು ಕೊಡುತ್ತಿದ್ದರೆ, ಮೂರು ಪರೀಕ್ಷೆಗಳು ಒಂದಕ್ಕೊಂದು ಹೊಂದದಿದ್ದರೆ ತೆಗೆಯುವುದು ಸರಿ. ಹುಡುಗಿಯೇ ತನಗೆ ನೆಮ್ಮದಿ ಇಲ್ಲ, ತೆಗೆಸಿಬಿಡಿ ಎಂದು ತಿಳಿದೂ ಕೇಳಿದರೆ ಅದೂ ಸರಿಯೇ. ಉಳಿದಂತೆ ಖಚಿತವಾದ ಸಣ್ಣ ಫೈಬ್ರೋಅಡಿನೋಮಾ ತನ್ನ ಪಾಡಿಗೆ ಇರುತ್ತದೆ. ಕೆಲವು ಕರಗುತ್ತವೆ, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತವೆ. ನೋಡುತ್ತ ಇರುವುದೂ ಒಂದು ಚಿಕಿತ್ಸೆಯೇ. ಆದರೆ ನೋಡುತ್ತ ಇರುವ ವೈದ್ಯರೊಬ್ಬರು ಬೇಕಲ್ಲವೇ?

ಇನ್ನೊಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಫಿಲ್ಲಾಯ್ಡ್ಸ್ ಎಂಬ ಗಡ್ಡೆ ಅಪರೂಪದ್ದು. ಕೈಗೂ ಚಿತ್ರಕ್ಕೂ ಫೈಬ್ರೋಅಡಿನೋಮಾದ ಹಾಗೆಯೇ ಕಾಣಿಸಿ ಬೇಗ ಬೇಗ ಬೆಳೆಯುತ್ತದೆ. ಅದನ್ನು ಸುತ್ತಲಿನ ಅಂಗಾಂಶವನ್ನೂ ಸೇರಿಸಿ ತೆಗೆಯದಿದ್ದರೆ ಅದೇ ಜಾಗದಲ್ಲಿ ಮತ್ತೆ ಬರಬಹುದು. ಮೊದಲೇ ಕೋರ್ ಬಯಾಪ್ಸಿ ಮಾಡದೆ ಗಂಟನ್ನಷ್ಟೇ ಕಿತ್ತು ತೆಗೆದರೆ ಅಂಥವಳಿಗೆ ಎರಡನೆಯ ಸಲ ಕತ್ತರಿ ಬೇಕಾಗಬಹುದು. ಹಾಗೆಯೇ ‘ಕ್ಯಾನ್ಸರ್ ಅಲ್ಲ’ ಎಂದ ಮಾತ್ರಕ್ಕೆ ಎಲ್ಲ ಗಂಟುಗಳೂ ಒಂದೇ ಅಲ್ಲ. ಸಾಮಾನ್ಯ ಸಿಸ್ಟ್ ಇದ್ದವಳು ನಿಶ್ಚಿಂತೆಯಿಂದ ಮನೆಗೆ ಹೋಗಬಹುದು. ಬಯಾಪ್ಸಿಯಲ್ಲಿ ‘ಏಟಿಪಿಕಲ್ ಹೈಪರ್‌ಪ್ಲೇಸಿಯಾ’ ಎಂದು ಬಂದವಳಿಗೆ ಮುಂದೆ ಸ್ತನ ಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ ಸುಮಾರು ನಾಲ್ಕು ಪಟ್ಟು. ಅವಳನ್ನು ವರ್ಷವರ್ಷವೂ ನೋಡಬೇಕು. ಕಸದ ಬುಟ್ಟಿಗೆ ಹೋದ ಅಂಗಾಂಶದಲ್ಲಿ ಇವುಗಳಲ್ಲಿ ಯಾವುದಿತ್ತೆಂದು ಯಾರು ಹೇಳಬೇಕು?

ಇದರ ಮತ್ತೊಂದು ಮುಖ ಇನ್ನೂ ಕೆಟ್ಟದ್ದು. ನಲವತ್ತು ದಾಟಿದ ಹೆಂಗಸೊಬ್ಬಳು, ಹೊಲದ ಕೂಲಿಗೆ ಹೋಗುವವಳು, ಗಂಟಿದೆ ಎಂದು ತಾನಾಗಿಯೇ ಆಸ್ಪತ್ರೆಗೆ ಹೋಗಿ ತೋರಿಸಿದಳು. ‘ಏನಿಲ್ಲಮ್ಮ, ಕೊಬ್ಬಿನ ಗಂಟು’ ಎಂದು ಮಾತ್ರೆ ಬರೆದು ಕಳಿಸಿದರು. ಸ್ಕ್ಯಾನಿಂಗ್ ಇಲ್ಲ, ಸೂಜಿ ಇಲ್ಲ. ಅವಳು ವೈದ್ಯರ ಮಾತು ನಂಬಿ ಸುಮ್ಮನಾದಳು. ಮತ್ತೆ ತೋರಿಸುವ ಹೊತ್ತಿಗೆ ಕಂಕುಳಿನಲ್ಲೂ ಗಡ್ಡೆಗಳಿದ್ದವು. ನಮ್ಮ ದೇಶದ ಹೆಂಗಸರಿಗೆ ಸ್ತನ ಕ್ಯಾನ್ಸರ್ ಪಾಶ್ಚಾತ್ಯ ದೇಶದವರಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ ಎಂಬುದು ಇಲಾಖೆಯ ತರಬೇತಿಗಳಲ್ಲೇ ನಮಗೆ ಹೇಳಿಕೊಟ್ಟ ಪಾಠ. ಪರೀಕ್ಷೆಯಿಲ್ಲದ ‘ಏನಿಲ್ಲ’ ಆ ಹೆಂಗಸಿನಿಂದ ಕಿತ್ತುಕೊಂಡ ಕಾಲವನ್ನು ಯಾವ ಕೀಮೋಥೆರಪಿಯೂ ತಂದುಕೊಡಲಾರದು. ಅನವಶ್ಯಕವಾಗಿ ಕೊಯ್ಸಿಕೊಂಡ ಆ ಹುಡುಗಿ, ಕೊಯ್ಯಬೇಕಾದಾಗ ಕೊಯ್ಯಿಸಿಕೊಳ್ಳದ ಈ ಹೆಂಗಸು, ಇಬ್ಬರೂ ಬಿದ್ದದ್ದು ಒಂದೇ ಗುಂಡಿಗೆ: ಮೂರು ಪರೀಕ್ಷೆ ಒಂದು ಕಡೆ ಸಿಗಲಿಲ್ಲ.

ಬಾಣಂತಿಯರ ಬಾವಿನ ವಿಷಯದಲ್ಲಿ ಸಂಕಟ ಬೇರೆ ತರಹದ್ದು. ಸುಣ್ಣ ಹಚ್ಚಿ, ಯಾವುದೋ ಲೇಪ ಕಟ್ಟಿ, ಜ್ವರ ಏರಿದ ಮೇಲೆ ಕರೆತರುತ್ತಾರೆ. ಬಂದವರಿಗೆ ‘ಹಾಲು ಬಿಡಿಸಿ’ ಎನ್ನುವ ವೈದ್ಯರು ಈಗಲೂ ಇದ್ದಾರೆ. ಕೂಸಿಗೆ ಹಾಲು ಕುಡಿಸುತ್ತಲೇ ಇರಬೇಕು, ಹಾಲು ಹೊರಹೋಗದಿದ್ದರೆ ಬಾವು ಹೆಚ್ಚುತ್ತದೆ. ಕೀವು ತುಂಬಿದ್ದರೂ ಮೊದಲು ಸ್ಕ್ಯಾನಿಂಗ್ ನೋಡಿಕೊಂಡು ಸೂಜಿಯಿಂದ ಎಳೆಯುವುದು, ಜೊತೆಗೆ ಸರಿಯಾದ ಆಂಟಿಬಯಾಟಿಕ್ ಕೊಡುವುದು ಇಂದಿನ ಕ್ರಮ. ಚರ್ಮ ಕೆಡುವವರೆಗೆ ಬಿಡದಿದ್ದರೆ ಬಹಳ ಜನರಿಗೆ ಕೊಯ್ಯುವುದೇ ಬೇಕಾಗುವುದಿಲ್ಲ. ಅಲ್ಲೂ ಮತ್ತೆ ಬೇಕಾಗುವುದು ಅದೇ ಸ್ಕ್ಯಾನಿಂಗ್, ಅದೇ ಸೂಜಿ.

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ಸಾಂಕ್ರಾಮಿಕವಲ್ಲದ ರೋಗಗಳ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ಶುರುವಾಯಿತು. ಅದರಡಿ 30 ದಾಟಿದ ಮಹಿಳೆಯರ ಸ್ತನ ತಪಾಸಣೆ ನಡೆಯಬೇಕು. 2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆ ಮನೆ ಬಾಗಿಲಿಗೇ ತಪಾಸಣೆ ತಂದಿತು. ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋಥೆರಪಿ ಕೇಂದ್ರಗಳು ಬರುತ್ತಿವೆ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆಂದು ಬೆಂಗಳೂರಿನ ರೈಲು ಹತ್ತಿ ಅದರ ಅಂಗಳದಲ್ಲಿ ಮಲಗಿದವರನ್ನು ಬಲ್ಲ ನನಗೆ ಇದು ದೊಡ್ಡ ಕೆಲಸವೆಂದು ಗೊತ್ತು. ಕೀಮೋಥೆರಪಿಯಂಥ ಕಷ್ಟದ ಚಿಕಿತ್ಸೆಯನ್ನೇ ಜಿಲ್ಲೆಗೆ ತರಲು ಆಗುವಾಗ ಒಂದು ಸೂಜಿ ಪರೀಕ್ಷೆಯನ್ನು ತಾಲ್ಲೂಕಿಗೆ ತರಲು ಏಕೆ ಆಗಬಾರದು?

ತಪಾಸಣೆಯ ವಯಸ್ಸನ್ನೂ ನೋಡಿ. 30ರಿಂದ ಶುರು. ಕ್ಯಾನ್ಸರಿನ ಲೆಕ್ಕಕ್ಕೆ ಅದು ಸರಿಯೇ. ಆದರೆ ಗಂಟು ಹಿಡಿದು ನಡುಗುತ್ತ ಬರುವವರಲ್ಲಿ ಹದಿನೇಳರ, ಇಪ್ಪತ್ತರ ಹುಡುಗಿಯರೇ ಎಷ್ಟೋ ಜನ. ಅವರು ಯಾವ ಕಾರ್ಯಕ್ರಮದ ಪಟ್ಟಿಯಲ್ಲೂ ಇಲ್ಲ. ಹದಿಹರೆಯದವರಿಗಾಗಿಯೇ ಸ್ನೇಹ ಕ್ಲಿನಿಕ್‌ಗಳಿವೆ. ಅಲ್ಲಿ ರಕ್ತಹೀನತೆ, ಮುಟ್ಟಿನ ಶುಚಿತ್ವದ ಜೊತೆಗೆ ಈ ಮಾತನ್ನೂ ಆಡಬಹುದು. ಇನ್ನು ನಾನು ತುಂಬುತ್ತಿದ್ದ ರಿಜಿಸ್ಟರಿನಲ್ಲಿ ‘ಮೇಲಿನ ಆಸ್ಪತ್ರೆಗೆ ಕಳಿಸಲಾಗಿದೆ’ ಎಂಬ ಕಾಲಂ ಇತ್ತು. ಅಲ್ಲಿ ಏನು ತಿಳಿಯಿತು, ಅವಳು ಹೋದಳೋ ಇಲ್ಲವೋ ಎಂದು ಬರೆಯಲು ಜಾಗವಿರಲಿಲ್ಲ. ಕಳಿಸಿದ ಲೆಕ್ಕ ತಿಂಗಳ ಸಭೆಗೆ ಸಾಕಾಗುತ್ತಿತ್ತು.

ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಒಂದು ಅಧ್ಯಯನ ಶುರು ಮಾಡಿದರು. 35ರಿಂದ 64 ವರ್ಷದ ಸುಮಾರು ಒಂದೂವರೆ ಲಕ್ಷ ಹೆಂಗಸರು ಅದರಲ್ಲಿದ್ದರು. ಅವರಲ್ಲಿ ಒಂದು ಗುಂಪಿನ ಹೆಂಗಸರನ್ನು, ನಮ್ಮಂಥ ಆರೋಗ್ಯ ಕಾರ್ಯಕರ್ತೆಯರೇ ತರಬೇತಿ ಪಡೆದು ಎರಡು ವರ್ಷಕ್ಕೊಮ್ಮೆ ಕೈಯಿಂದ ತಪಾಸಣೆ ಮಾಡಿದರು. 2021ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ ತಪಾಸಣೆಯಾದವರಲ್ಲಿ ರೋಗ ಇನ್ನೂ ಮೊದಲ ಹಂತಗಳಲ್ಲೇ ಸಿಕ್ಕಿತು, 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನಿಂದಾಗುವ ಸಾವು ಸುಮಾರು ನೂರಕ್ಕೆ 30ರಷ್ಟು ಇಳಿಯಿತು. ಇದನ್ನು ಓದಿದಾಗ ನನಗೆ ಹೆಮ್ಮೆಯಾಯಿತು. ಆದರೆ ಆ ಕೈಗಳ ಹಿಂದೆ, ಸಿಕ್ಕ ಪ್ರತಿ ಗಂಟನ್ನೂ ಇತ್ಯರ್ಥ ಮಾಡಿಕೊಡುವ ಒಂದು ಆಸ್ಪತ್ರೆ ಗಟ್ಟಿಯಾಗಿ ನಿಂತಿತ್ತು. ಅದಿಲ್ಲದೆ ಆಶಾ ಕಾರ್ಯಕರ್ತೆಯರನ್ನು ಮನೆಮನೆಗೆ ಕಳಿಸಿ ಗಂಟು ಹುಡುಕಿಸಿದರೆ ಭಯವನ್ನಷ್ಟೇ ಹಂಚಿದಂತಾಗುತ್ತದೆ.

ಹಣದ ವಿಷಯವನ್ನೂ ಮುಚ್ಚಿಡಲಾರೆ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ದೊಡ್ಡ ರೋಗ ಬಂದವರಿಗೆ ಅದು ಆಸರೆ. ಆದರೆ ರೋಗವಿದೆಯೋ ಇಲ್ಲವೋ ಎಂದು ತಿಳಿಯಲು ಖಾಸಗಿ ಸ್ಕ್ಯಾನಿಂಗ್ ಸೆಂಟರಿಗೆ ಹೋದ ಕೂಲಿ ಹೆಂಗಸು ಅಲ್ಲಿ ಕೈಯಿಂದಲೇ ಕೊಡಬೇಕು. ಒಂದು ಸ್ಕ್ಯಾನಿಂಗು, ಒಂದು ಸೂಜಿ, ಬಸ್ ಚಾರ್ಜು, ಅವತ್ತಿನ ಕೂಲಿ ಹೋದದ್ದು. ಇಷ್ಟರಲ್ಲೇ ಎಷ್ಟೋ ಹೆಂಗಸರು ‘ನೋವಿಲ್ಲವಲ್ಲ, ಇರಲಿ ಬಿಡಿ’ ಎಂದು ಹಿಂದೆ ಸರಿಯುತ್ತಾರೆ. ಕ್ಯಾನ್ಸರಿನ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದಿಲ್ಲ ಎಂಬುದನ್ನು ತಮಗೆ ಹೇಳಬೇಕಾಗಿಲ್ಲ.

ಈಗ ನನ್ನ ಬೇಡಿಕೆ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಒಂದು ನಿಗದಿತ ದಿನ ಸ್ತನ ತಪಾಸಣೆಗೆ ಇರಲಿ. ಅಂದು ಸರ್ಜನ್, ಸ್ಕ್ಯಾನಿಂಗ್ ವೈದ್ಯರು, ಸೂಜಿ ಪರೀಕ್ಷೆ ಮಾಡುವವರು ಒಂದೇ ಕಟ್ಟಡದಲ್ಲಿ ಇರಬೇಕು. ರೇಡಿಯಾಲಜಿಸ್ಟ್ ಇಲ್ಲದ ಕಡೆಗೆ ಹತ್ತಿರದ ವೈದ್ಯಕೀಯ ಕಾಲೇಜಿನಿಂದ ಸರದಿಯ ಮೇಲೆ ಕಳಿಸಿ. ಪ್ಯಾಥಾಲಜಿಸ್ಟ್ ಬರಲಾಗದಿದ್ದರೆ ಗಾಜಿನ ಪಟ್ಟಿಗಳು ಅದೇ ಕಾಲೇಜಿಗೆ ಹೋಗಲಿ, ರಿಪೋರ್ಟು ಮಾತ್ರ ತಾಲ್ಲೂಕಿಗೇ ವಾಪಸು ಬರಬೇಕು. ಅದಕ್ಕಾಗಿ ರೋಗಿ ಬಸ್ಸು ಹತ್ತಬಾರದು. ಮೂರೂ ಫಲಿತಾಂಶ ನೋಡಿ ಒಬ್ಬ ವೈದ್ಯರು ಸಹಿ ಮಾಡಿದ ಒಂದು ಹಾಳೆಯನ್ನು ಅವಳಿಗೆ ಕನ್ನಡದಲ್ಲಿ ಕೊಡಬೇಕು: ಗಂಟು ಯಾವುದು, ತೆಗೆಯಬೇಕೋ ಬೇಡವೋ, ಮತ್ತೆ ಯಾವ ತಿಂಗಳಲ್ಲಿ ತೋರಿಸಬೇಕು, ಏನಾದರೆ ಅದಕ್ಕೂ ಮೊದಲೇ ಓಡಿ ಬರಬೇಕು.

ಕೊಠಡಿಗೆ ಬಾಗಿಲಿರಲಿ, ಪರದೆಯಿರಲಿ, ಗಂಡಸು ವೈದ್ಯರು ನೋಡುವಾಗ ಒಬ್ಬ ಮಹಿಳಾ ಸಿಬ್ಬಂದಿ ಪಕ್ಕದಲ್ಲಿರಲಿ. ಸಣ್ಣ ವಿಷಯವೆನಿಸಬಹುದು. ಹುಡುಗಿಯರು ವಾಪಸು ಬರುವುದೂ ಬಾರದಿರುವುದೂ ಇದರ ಮೇಲೆ ನಿಂತಿದೆ.

ಖಾಸಗಿ ಆಸ್ಪತ್ರೆಗಳ ಬಗ್ಗೆ ಒಂದು ಆದೇಶ ಹೊರಡಿಸಿ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದಲೇ ನಿಮ್ಮ ಕೈಯಲ್ಲಿದೆ. ಸ್ತನದಿಂದ ತೆಗೆದ ಯಾವ ಅಂಗಾಂಶವನ್ನೂ ಪ್ರಯೋಗಾಲಯಕ್ಕೆ ಕಳಿಸದೆ ಬಿಸಾಡುವಂತಿಲ್ಲ, ರಿಪೋರ್ಟಿನ ಪ್ರತಿ ರೋಗಿಗೆ ಸಿಗಲೇಬೇಕು ಎಂದು ಅದರಡಿ ಕಡ್ಡಾಯ ಮಾಡಿ. ಇದಕ್ಕೆ ಸರ್ಕಾರದ ಬೊಕ್ಕಸದಿಂದ ಹೆಚ್ಚೇನೂ ಖರ್ಚಾಗುವುದಿಲ್ಲ.

ಕೊನೆಯದಾಗಿ, ಕಾಲಮಿತಿ. ವಿಶ್ವ ಆರೋಗ್ಯ ಸಂಸ್ಥೆಯ ಸ್ತನ ಕ್ಯಾನ್ಸರ್ ಕಾರ್ಯಕ್ರಮ, ಗಂಟು ತೋರಿಸಲು ಬಂದವಳಿಗೆ 60 ದಿನದೊಳಗೆ ರೋಗನಿರ್ಣಯ ಆಗಬೇಕು ಎನ್ನುತ್ತದೆ. ನಮ್ಮ ರಾಜ್ಯದಲ್ಲಿ 2011ರ ಸಕಾಲ ಕಾಯ್ದೆ ಇದೆ. ಜಾತಿ ಪ್ರಮಾಣಪತ್ರಕ್ಕೆ, ಆದಾಯ ಪ್ರಮಾಣಪತ್ರಕ್ಕೆ ಇಷ್ಟು ದಿನ ಎಂದು ಗಡುವು ಕೊಟ್ಟು, ತಡವಾದರೆ ಅಧಿಕಾರಿಯನ್ನು ಹೊಣೆ ಮಾಡಿದ ರಾಜ್ಯ ಇದು. ಅದೇ ರೀತಿ ಸ್ತನದ ಗಂಟು ತೋರಿಸಲು ಬಂದವಳ ಹೆಸರು ನೋಂದಣಿಯಾದ ದಿನದಿಂದ ಮೂರೂ ಪರೀಕ್ಷೆ ಮುಗಿದು ಹಾಳೆ ಕೈಗೆ ಬರುವವರೆಗೆ ಒಂದು ಗಡುವು ಗೊತ್ತು ಮಾಡಿ, 60 ದಿನವಲ್ಲ, ಅದಕ್ಕೂ ಕಡಿಮೆ. ಉಪಕೇಂದ್ರದ ರಿಜಿಸ್ಟರಿನಲ್ಲಿ ‘ಕಳಿಸಲಾಗಿದೆ’ ಎಂಬುದರ ಪಕ್ಕ ‘ಫಲಿತಾಂಶ’ ಎಂಬ ಕಾಲಂ ಸೇರಿಸಿ, ಅದು ಖಾಲಿಯಿದ್ದರೆ ತಿಂಗಳ ಸಭೆಯಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಗಳು ಉತ್ತರ ಕೊಡಲಿ.

ಈ ಪತ್ರವನ್ನು ಪರಿಶೀಲಿಸಲಾಗುವುದು ಎಂಬ ಹಿಂಬರಹ ನನಗೆ ಬೇಡ. ಮೊದಲು ಯಾವ ತಾಲ್ಲೂಕುಗಳಲ್ಲಿ, ವಾರದ ಯಾವ ದಿನ, ಎಷ್ಟು ಗಂಟೆಯಿಂದ ಈ ತಪಾಸಣೆ ಶುರುವಾಗುತ್ತದೆ ಎಂದು ಪ್ರಕಟಿಸಿ. ಆ ದಿನ, ಆ ವೇಳೆಯನ್ನು ಪ್ರತಿ ಉಪಕೇಂದ್ರದ ಬಾಗಿಲ ಮೇಲೂ ಪ್ರತಿ ಹೆಣ್ಣುಮಕ್ಕಳ ಹಾಸ್ಟೆಲಿನ ನೋಟಿಸ್ ಬೋರ್ಡಿನ ಮೇಲೂ ಕನ್ನಡದಲ್ಲಿ ಬರೆಸಿ.

ಇತಿ,
ತಮ್ಮ ವಿಶ್ವಾಸಿ,
ನಿವೃತ್ತ ಆರೋಗ್ಯ ಸಹಾಯಕಿ